ಐದನೆಯ ಅಲಂಕಾರ

ಚನ್ನರಾಯನದುರ್ಗದ ನಂದೀಶ್ವರಯ್ಯ ಮೇಷ್ಟ್ರ ನೆಮ್ಮದಿ ಕೆಟ್ಟದ್ದು ಐದು ಅಲಂಕಾರಗಳಿಂದ. ಹೆಂಡತಿ ಜಗದಾಂಬ ಮಧುಗಿರಿಯ ತವರಿನಲ್ಲಿ ಮೂರು ತಿಂಗಳಿಂದ ಜ್ವರ ಹಿಡಿದು ಮಲಗಿದ್ದಳು. ಅಲ್ಲಿಗೆ ವರ್ಗ ಕೊಡಿ ಎಂದು ಮೇಷ್ಟ್ರು ಕೇಳಿಕೊಂಡರೆ ಇನ್‌ಸ್ಪೆಕ್ಟರ್ ಸಾಹೇಬರು, "ಪೇಟೆಯ ಶಾಲೆಗೆ ಅಲಂಕಾರ ಬಲ್ಲವರು ಬೇಕು. ಸೋಮವಾರ ಬರುತ್ತೇನೆ, ಪಠ್ಯದ ಐದನ್ನೂ ಪಾಠ ಮಾಡಿ ತೋರಿಸಿ" ಎಂದು ಬರೆದಿದ್ದರು.

ಸೋಮವಾರ ಬೆಳಿಗ್ಗೆ ಟ್ರಂಕು ಕಟ್ಟಿಟ್ಟು, ಪುಸ್ತಕ ಹಿಡಿದು ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದರು. ಉಪಮೆ ಬಾಯಿಗೆ ಬಂದರೆ ರೂಪಕ ಮರೆಯುತ್ತಿತ್ತು. ಎದುರು ಮನೆಯ ಅಡವಯ್ಯನಿಗೆ ಊರವರ ಕಷ್ಟವೆಲ್ಲ ತನ್ನದೇ.

"ಅದೇನ್ ಸೋಮಿ, ಉಪಮೆ ಅಂದ್ರೆ?"

"ಒಂದನ್ನ ಇನ್ನೊಂದಕ್ಕೆ ಹೋಲಿಸೋದಪ್ಪ."

"ಅಷ್ಟೇನಾ! ನಮ್ ಕೆಂಪಕ್ಕ ಬಾವಿ ತಾವ ದಿನಾ ಅದೇ ಮಾಡ್ತಾಳೆ, ಬನ್ನಿ."

ಬಾವಿಯ ಹತ್ತಿರ ಕೆಂಪಕ್ಕನೂ ಅವಳ ವಾರಗಿತ್ತಿ ಕ್ಯಾತಮ್ಮನೂ ಇದ್ದರು. ಅಡವಯ್ಯ, "ಕೆಂಪಕ್ಕಾ, ನಿನ್ ಹಗ್ಗ ಕ್ಯಾತಮ್ಮ ತಗಂಡವ್ಳೆ ಕಣಮ್ಮ" ಎಂದು ಕಡ್ಡಿ ಗೀರಿದ.

"ಲೇ ಕ್ಯಾತೀ, ನಿನ್ ಬಾಯಿ ಒಡೆದ ತಮಟೆ ಇದ್ದಂಗೈತೆ!"

ಮೇಷ್ಟ್ರು ಉಪಮೆ ಎಂದು ಬರೆದುಕೊಂಡರು.

"ಬುಡಮ್ಮ, ನೀನೇ ಒಂದು ಹೆಮ್ಮಾರಿ!"

ರೂಪಕವೂ ಸಿಕ್ಕಿತು.

"ನೀನ್ ಕೂಗಿದ್ರೆ ದುರ್ಗದ ಕೋಟೆ ಬಿರುಕು ಬುಡ್ತದೆ!"

ಅತಿಶಯೋಕ್ತಿ! ಮೇಷ್ಟ್ರಿಗೆ ಬಹಳ ದಿನಗಳ ಮೇಲೆ ನಗು ಬಂತು.

"ಜಾಲಿ ಮೇಲೆ ಒಣಗಾಕಿದ ಸೀರೆ ಹರೀದೆ ಇರ್ತದಾ? ನಿನ್ ಜತೆ ಬಾಳಿದ ಗಂಡ ನೆಟ್ಟಗಿರ್ತಾನಾ?"

ಅದು ದೃಷ್ಟಾಂತ. ಉಳಿದದ್ದು ವ್ಯಾಜಸ್ತುತಿ ಒಂದೇ, ಹೊಗಳಿದಂತೆ ಕಂಡು ತೆಗಳುವುದು. ಆದರೆ ಬೈಯಲು ಅಂಥ ಸುತ್ತುದಾರಿ ಹಿಡಿಯುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಮೇಷ್ಟ್ರು ತಡೆಯಲಾರದೆ, "ಕೆಂಪಕ್ಕ, ಒಂದೇ ಒಂದ್ಸಲ ಹೊಗಳಿ ಬೈಯಮ್ಮ!" ಎಂದುಬಿಟ್ಟರು.

ಜಗಳ ನಿಂತಿತು. ವಾರಗಿತ್ತಿಯರಿಬ್ಬರೂ ಒಂದಾಗಿ ತಿರುಗಿದರು.

"ಹೆಂಗಸ್ರು ಕಿತ್ತಾಡೋದ ಬರ್ಕಂತೀರಾ ಮೇಷ್ಟ್ರೇ?" ಎನ್ನುತ್ತಲೇ ಎರಡು ಕೊಡ ನೀರು ಮೇಷ್ಟ್ರ ತಲೆಯ ಮೇಲೆ ಬಿತ್ತು. ಅದೇ ಹೊತ್ತಿಗೆ ಸಾಹೇಬರ ಗಾಡಿ ಶಾಲೆಯ ಮುಂದೆ ನಿಂತಿತು.

ಒದ್ದೆ ಪಂಚೆಯಲ್ಲೇ ಪಾಠ ನಡೆಯಿತು. ತಮಟೆ, ಹೆಮ್ಮಾರಿ, ಕೋಟೆ, ಜಾಲಿ ಒಂದೊಂದಾಗಿ ಬಂದಂತೆ ಮಕ್ಕಳು ಬಿದ್ದು ಬಿದ್ದು ನಕ್ಕರು, ಕೇಳಿದ್ದನ್ನೆಲ್ಲ ಪಟಪಟನೆ ಒಪ್ಪಿಸಿದರು. ಐದನೆಯದಕ್ಕೆ ಮೇಷ್ಟ್ರು ತಡವರಿಸಿ ನಿಂತರು. ಜಗದಾಂಬಳ ಸೊರಗಿದ ಮುಖ ಕಣ್ಣ ಮುಂದೆ ಬಂತು.

"ಇರಲಿ ಬಿಡ್ರೀ, ಭೇಷ್!" ಎಂದು ಸಾಹೇಬರೇ ಬೆನ್ನು ತಟ್ಟಿ, ಶಾಲೆಯ ಪುಸ್ತಕದಲ್ಲಿ ಬರೆದು, ಗಟ್ಟಿಯಾಗಿ ಓದಿದರು: "ಹಳ್ಳಿಯ ಮಾತಿನಿಂದಲೇ ಅಲಂಕಾರ ಕಲಿಸುವ ರತ್ನ ಇವರು. ಇಂಥವರನ್ನು ಕದಲಿಸಿದರೆ ಹಳ್ಳಿಯ ಮಕ್ಕಳಿಗೆ ದ್ರೋಹ ಬಗೆದಂತೆ. ಇವರು ನಿವೃತ್ತಿಯಾಗುವವರೆಗೆ ಇಲ್ಲಿಯೇ ಇರತಕ್ಕದ್ದು."

ಗಾಡಿ ಹೋಯಿತು. ಮೇಷ್ಟ್ರು ಮನೆ ಸೇರುವಷ್ಟರಲ್ಲಿ ಅಡವಯ್ಯ ಓಡಿ ಬಂದ.

"ಸಾಹೇಬ್ರು ಬಾಳ ಹೊಗಳಿದ್ರಂತೆ, ಸೋಮಿ?"

"ಹೂಂ ಕಣಪ್ಪ," ಎಂದು ಮೇಷ್ಟ್ರು ಟ್ರಂಕು ಬಿಚ್ಚಿ ಒಣಗಿದ ಪಂಚೆ ತೆಗೆದರು. "ಐದನೇದಕ್ಕೂ ಉದಾಹರಣೆ ಸಿಕ್ತು."