ಎರಡನೇ ರಿಂಗಿಗೆ ಕಟ್

ಈ ಯುಗಾದಿಯ ದಿನ ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡವನೇ ಒಂದು ಘನಘೋರ ಪ್ರತಿಜ್ಞೆ ಮಾಡಿದೆ. "ಇನ್ನು ಮುಂದೆ ಈ ಮುರಳೀಧರನ ಕೈಯಲ್ಲಿ ಆಂಡ್ರಾಯ್ಡ್ ಫೋನು ಕಾಣಿಸುವುದಿಲ್ಲ! ಐಫೋನು, ಐಫೋನು, ಐಫೋನು!" ಭೀಷ್ಮ ಪ್ರತಿಜ್ಞೆ ಮಾಡಿದಾಗ ಆಕಾಶದಿಂದ ಹೂಮಳೆ ಸುರಿಯಿತಂತೆ. ನಾನು ಮಾಡಿದಾಗ ಅಡುಗೆಮನೆಯಿಂದ ನನ್ನ ಹೆಂಡತಿ ಪಾವನಾಳ ದನಿ ಸುರಿಯಿತು.

"ರೀ, ಹೂರಣ ತಳ ಹಿಡೀತಿದೆ. ಪ್ರತಿಜ್ಞೆ ಆಮೇಲೆ ಮಾಡೋರಂತೆ, ಮೊದ್ಲು ಬಂದು ಕೈಯಾಡಿಸಿ!"

ಹೂರಣ ಕೆದಕುತ್ತಲೇ ನನ್ನ ಅವಮಾನದ ಕಥೆ ಹೇಳಿಕೊಂಡೆ. ನಾನು ಮದರಾಸಿನ ಗಿಂಡಿ ಬಡಾವಣೆಯ ಒಂದು ಪಂಪು ತಯಾರಿಸುವ ಕಂಪನಿಯಲ್ಲಿ ಖರೀದಿ ವಿಭಾಗದವನು. ಹಿಂದಿನ ವಾರ ಆಫೀಸಿನ ಊಟದ ಮೇಲೆ ತೆಗೆದ ಗುಂಪು ಫೋಟೋವನ್ನು ಪಕ್ಕದ ಮೇಜಿನ ಸಂಜೀವ ಎಲ್ಲರ ಐಫೋನಿಗೂ ಗಾಳಿಯಲ್ಲೇ ತೂರಿಬಿಟ್ಟ. ನನ್ನ ಸರದಿ ಬಂದಾಗ ಮಾತ್ರ, "ಅಯ್ಯೋ, ನಿಮ್ದು ಆಂಡ್ರಾಯ್ಡಾ ಸಾರ್? ಪರವಾಗಿಲ್ಲ ಬಿಡಿ, ಸಂಜೆ ವಾಟ್ಸಾಪ್ ಮಾಡ್ತೀನಿ" ಎಂದ. ಹುಷಾರಿಲ್ಲದವರಿಗೆ ಗಂಜಿ ಕಳಿಸುತ್ತೇನೆ ಅನ್ನುತ್ತಾರಲ್ಲ, ಅದೇ ಧಾಟಿ!

"ಅಷ್ಟಕ್ಕೇನಾ?" ಎಂದಳು ಪಾವನಾ. "ಆ ಫೋಟೋದಲ್ಲಿ ನೀವು ಕಣ್ಣು ಮುಚ್ಕೊಂಡಿದ್ರಿ. ಬರದೇ ಇದ್ದಿದ್ರೇ ಒಳ್ಳೇದಿತ್ತು."

ಇಂಥ ಮಾತಿಗೆಲ್ಲ ಜಗ್ಗುವ ಗಂಡು ನಾನಲ್ಲ. ಮುಂದಿನ ಭಾನುವಾರ ವೇಲಚೇರಿಯ ನಮ್ಮ ಫ್ಲ್ಯಾಟಿಗೆ ಐಫೋನು ಬಂದೇಬಿಟ್ಟಿತು. ನಮ್ಮ ಮಗಳು ಮಾನ್ಯಾ ಪ್ಲಸ್ ಒನ್, ಅಂದರೆ ನಮ್ಮ ಕಡೆಯ ಮೊದಲ ಪಿಯುಸಿ, ಓದುತ್ತಾಳೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ತಮಿಳಿನಲ್ಲಿ ಉತ್ತರ ಕೊಡುವುದು ನಮ್ಮ ಮನೆಯ ಪದ್ಧತಿ.

"ಅಪ್ಪಾ, ನಾನ್ ಸೆಟ್ ಪಣ್ಣಿ ತರಟ್ಟುಮಾ?" ಎಂದು ಕೈ ಚಾಚಿದಳು.

"ಬೇಡ! ನೂರಾ ಎಂಟು ಥರದ ಬೇರಿಂಗನ್ನ ಕಣ್ಣುಮುಚ್ಚಿ ಗುರುತಿಸೋನು ನಿಮ್ಮಪ್ಪ. ಒಂದು ಫೋನು ಸೆಟ್ ಮಾಡಕ್ಕೆ ಬರಲ್ವಾ?"

"ಸರಿಪ್ಪಾ, ಉಂಗ ಇಷ್ಟಂ" ಎಂದು ಅವಳು ಟ್ಯೂಷನ್ನಿಗೆ ಹೊರಟುಹೋದಳು. ಆ ಕೈಯನ್ನು ಹಿಡಿದು ನಿಲ್ಲಿಸಿಕೊಳ್ಳದೆ ಹೋದೆನಲ್ಲ ಎಂದು ಈಗಲೂ ಹಲುಬುತ್ತೇನೆ!

ಎರಡು ಫೋನನ್ನೂ ಮಂಚದ ಮೇಲೆ ಅಕ್ಕಪಕ್ಕ ಮಲಗಿಸಿ, ವಧೂವರರ ಮಧ್ಯೆ ಅಂತರಪಟ ಹಿಡಿದ ಪುರೋಹಿತನಂತೆ ಕಾದು ಕೂತೆ. ಆರುನೂರು ಹೆಸರು, ಒಂಬತ್ತು ಸಾವಿರ ಫೋಟೋ ಎಲ್ಲ ದಾಟಿ ಬರುವಷ್ಟರಲ್ಲಿ ಸಂಜೆ ಆರೂವರೆ. ಗೆದ್ದೆ! ಮೀಸೆ ಇಲ್ಲದ್ದರಿಂದ ಗದ್ದವನ್ನೇ ತಿರುವಿಕೊಂಡೆ.

"ಹಿಂದಕ್ಕೆ ಹೋಗೋ ಗುಂಡೀನೇ ಇಲ್ಲ ನೋಡೇ ಇದ್ರಲ್ಲಿ!"

"ನಿಮಗೆ ಹೇಳಿ ಮಾಡಿಸಿದ ಹಾಗಿದೆ. ನೀವು ಯಾವತ್ತು ಹಿಡಿದ ಹಟದಿಂದ ಹಿಂದಕ್ಕೆ ಹೋಗಿದೀರ?" ಎಂದು ಪಾವನಾ ಇಡ್ಲಿ ಹಿಟ್ಟು ಕಲಸಲು ಹೊರಟಳು.

ಇಲ್ಲಿ ನಮ್ಮ ಮನೆಯ ಏಳೂಕಾಲರ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎರಡು ಸಾವಿರದ ಮೂರರಲ್ಲಿ ನಾನು ಮೈಸೂರು ಬಿಟ್ಟು ಈ ಊರಿಗೆ ಬಂದಾಗ ಜೇಬಿನಲ್ಲಿ ಇಟ್ಟಿಗೆಯಂಥ ಒಂದು ಫೋನಿತ್ತು. ಮೈಸೂರಿನ ಸಿಮ್ಮು ಮದರಾಸಿನಲ್ಲಿ ರಿಂಗಾಗಿ, ಎತ್ತಿದರೆ ಎತ್ತಿದವನಿಗೂ ಕಾಸು ಬೀಳುತ್ತಿದ್ದ ಕಾಲ. ಆಗ ನನ್ನ ತಾಯಿ ನಾಗರತ್ನಮ್ಮ ಒಂದು ಕಾನೂನು ಮಾಡಿದರು. ದಿನಾ ಸಂಜೆ ದೀಪ ಹಚ್ಚಿ ಏಳೂಕಾಲಕ್ಕೆ ಅವರು ರಿಂಗ್ ಕೊಡುವುದು. ಎರಡನೇ ರಿಂಗಿಗೆ ನಾನು ಕಟ್ ಮಾಡುವುದು. ಕಟ್ ಮಾಡಿದರೆ 'ಕ್ಷೇಮ'. ಎತ್ತಿದರೆ 'ಏನೋ ಅನಾಹುತ'. ಅಷ್ಟೇ ಕಾನೂನು.

ಆ ಕಾಲದಲ್ಲಿ ಮಿಸ್ಡ್ ಕಾಲೇ ಒಂದು ಭಾಷೆ. ಮದುವೆ ನಿಶ್ಚಯವಾದ ಮೇಲೆ ನಾನೂ ಪಾವನಾಳೂ ಮೂರು ರಿಂಗಿಗೆ 'ನೆನಪಾಯ್ತು' ಎಂದೂ, ನಾಲ್ಕಕ್ಕೆ 'ಮನೇಲಿ ಯಾರೂ ಇಲ್ಲ, ಮಾತಾಡಬಹುದು' ಎಂದೂ ಇಟ್ಟುಕೊಂಡಿದ್ದೆವು. ರಾತ್ರಿ ಮೂರು ರಿಂಗು ಕೇಳಿ ದಿಂಬಿಗೆ ಮುಖ ಹುದುಗಿಸಿ ನಗುತ್ತಿದ್ದೆ. ಈಗ ಅನ್‌ಲಿಮಿಟೆಡ್ ಮಾತು ಇದೆ. 'ಮೊಸರು ತನ್ನಿ' ಅನ್ನುವುದಕ್ಕೆ ಬಿಟ್ಟರೆ ನಾವಿಬ್ಬರೂ ಫೋನೇ ಮಾಡುವುದಿಲ್ಲ! ಮಾನ್ಯಾ ಮೊದಲು ಕಲಿತ ವಿದ್ಯೆಯೂ ಅಜ್ಜಿಯ ರಿಂಗಿಗೆ ಕೆಂಪು ಗುಂಡಿ ಒತ್ತುವುದೇ. ಅಂಬೆಗಾಲಿಟ್ಟುಕೊಂಡು ಬಂದು ಒತ್ತಿ ಚಪ್ಪಾಳೆ ತಟ್ಟುತ್ತಿದ್ದಳು.

ಕರೆ ಪುಕ್ಕಟೆಯಾದ ಮೇಲೆ ಒಮ್ಮೆ ಹೇಳಿದೆ, "ಅಮ್ಮಾ, ಇನ್ನು ಮಾತಾಡಬಹುದಲ್ಲ?"

"ಬೇಡಪ್ಪ. ಮಾತಾಡಿದ್ರೆ ಮೂರನೇ ನಿಮಿಷಕ್ಕೆ ಇಬ್ಬರಿಗೂ ಜಗಳ. ರಿಂಗೇ ನೆಮ್ಮದಿ."

ಅದೂ ನಿಜವೇ. ಹೀಗಾಗಿ ಇಪ್ಪತ್ತೆರಡು ವರ್ಷದಲ್ಲಿ ಏಳೂಕಾಲರ ಕರೆಯನ್ನು ನಾನು ಎತ್ತಿದ್ದು ಎರಡೇ ಸಲ. ಒಮ್ಮೆ ಮಾನ್ಯಾ ಹುಟ್ಟಿದ ದಿನ. ಇನ್ನೊಮ್ಮೆ ಎರಡು ಸಾವಿರದ ಹದಿನೈದರ ಪ್ರವಾಹದಲ್ಲಿ. ಆಗ ನಾವು ಇದೇ ವೇಲಚೇರಿಯಲ್ಲಿ ನೆಲಮಹಡಿಯಲ್ಲಿದ್ದೆವು. ಸೊಂಟದ ಮಟ್ಟ ನೀರು, ಹೆಗಲ ಮೇಲೆ ಮಾನ್ಯಾ. ಫೋನೆತ್ತಿ "ಏನೂ ಇಲ್ಲಮ್ಮ, ಸ್ವಲ್ಪ ಮಳೆ" ಎಂದೆ. ಪಾವನಾ ಕೂಡ ಹಿಂದಿನಿಂದ "ಏನೂ ಇಲ್ಲ ಅತ್ತೆ" ಎಂದಳು. ಆಮೇಲೆ ಮೂರು ದಿನ ಸಿಗ್ನಲ್ಲೇ ಸತ್ತುಹೋಯಿತು. ಅಮ್ಮ ಆ ಮೂರು ದಿನ ಫೋನು ಮುಂದಿಟ್ಟುಕೊಂಡು ಊಟ ಬಿಟ್ಟು ಕೂತಿದ್ದರಂತೆ. ಅಂದಿನಿಂದ ಅವರದು ಒಂದೇ ಮಾತು: "ಬಾಯಿ ಸುಳ್ಳು ಹೇಳುತ್ತೆ, ರಿಂಗು ಹೇಳಲ್ಲ."

ಸರಿ, ಆ ಭಾನುವಾರಕ್ಕೆ ಬರೋಣ. ಏಳೂಕಾಲು. ಹೊಸ ಫೋನು ಊಟದ ಮೇಜಿನ ಮೇಲೆ ಹಾಡಿತು. ಪರದೆಯ ಮೇಲೆ 'ಅಮ್ಮ'. ಮೊದಲನೇ ರಿಂಗು. ಹೆಬ್ಬೆರಳು ತಾನಾಗಿ ಮುಂದೆ ಹೋಯಿತು. ಕೆಂಪು ಗುಂಡಿ ಎಲ್ಲಿ? ಇಲ್ಲ! ಲಾಕ್ ಆಗಿದ್ದ ಆ ಫೋನಿನ ಮೇಲೆ, ಎತ್ತಬೇಕಾದರೆ ಎಳೆ ಎನ್ನುವ ಒಂದು ಪಟ್ಟಿ ಬಿಟ್ಟರೆ ಬೇರೇನೂ ಇಲ್ಲ. ಎರಡನೇ ರಿಂಗು!

"ಪಾವನಾ! ಕಟ್ ಮಾಡೋದು ಹೇಗೇ?"

"ನನ್ನ ಕೇಳಿದ್ರೆ? ಕೈಯೆಲ್ಲ ಹಿಟ್ಟು!"

ಮೂರನೇ ರಿಂಗು! ಮೈಯೆಲ್ಲ ಬೆವರು. ಆ ಪಟ್ಟಿಯನ್ನು ಮೇಲಕ್ಕೆ ತಳ್ಳಿದೆ, ಕೆಳಕ್ಕೆ ಒತ್ತಿದೆ, ಅದೇನಾಯಿತೋ ಪಕ್ಕಕ್ಕೂ ಜಾರಿಸಿದೆ. ರಿಂಗು ನಿಂತಿತು. ಅಬ್ಬ! ಎಂದು ಉಸಿರು ಬಿಟ್ಟೆ. ಆ ಉಸಿರು ನೇರ ಮೈಸೂರಿಗೆ ಕೇಳಿಸಿತು.

"ಮುರಳಿ...? ಎತ್ತಿದ್ಯಾ?" ಅಮ್ಮನ ದನಿ ನಡುಗುತ್ತಿತ್ತು. "ಏನಾಯ್ತೋ?"

ಏನು ಹೇಳಲಿ? ಲೋಕದಲ್ಲಿ ಎಷ್ಟು ಮಾತಿದೆ! ನನ್ನ ಹಾಳು ಬಾಯಿಗೆ ಬಂದದ್ದು ಒಂದೇ. "ಏನೂ ಇಲ್ಲಮ್ಮ!"

ಆ ಕಡೆಯಿಂದ ಕರೆ ಕಡಿದುಹೋಯಿತು. ತಿರುಗಿ ಮಾಡಿದರೆ ಎಂಗೇಜ್. ಐದು ನಿಮಿಷದಲ್ಲಿ ಪಾವನಾಳ ಫೋನು ಹೊಡೆದುಕೊಂಡಿತು. ಸ್ಪೀಕರಿಗೆ ಹಾಕಿದಳು. "ಪಾವನಾ, ನಿಜ ಹೇಳು."

"ಏನೂ ಇಲ್ಲ ಅತ್ತೆ!"

"ಅವತ್ತೂ ನೀವಿಬ್ಬರೂ ಇದನ್ನೇ ಅಂದ್ರಿ!"

ವೀಡಿಯೋ ಕಾಲ್ ಮಾಡಿ ಮುಖ ತೋರಿಸಿದೆ. ದುಬಾರಿ ಕ್ಯಾಮೆರಾ ನೋಡಿ! ನನ್ನ ಕಣ್ಣ ಕೆಳಗಿನ ಕಪ್ಪು, ಕೆನ್ನೆಯ ಬೆವರು, ತಲೆಯ ಬಿಳಿಕೂದಲು ಒಂದನ್ನೂ ಬಿಡದೆ ಮೈಸೂರಿಗೆ ರವಾನಿಸಿತು. "ಮುಖ ಹೀಗೆ ಇಳಿದುಹೋಗಿದೆಯಲ್ಲೋ!" ಎಂದು ಅಮ್ಮ ಅತ್ತೇಬಿಟ್ಟರು. ಹಳೇ ಫೋನಾಗಿದ್ದರೆ ನಾನು ಮಸುಕು ಮಸುಕಾಗಿ ಸುಂದರವಾಗಿಯೇ ಕಾಣುತ್ತಿದ್ದೆ.

ಎಂಟು ಗಂಟೆಗೆ ಬಾಗಿಲು ಬಡಿದ ಸದ್ದು. ಪಾವನಾಳ ಚಿಕ್ಕಮ್ಮನ ಗಂಡ ಹರಿದಾಸ ಮಾವ! ನಾಲ್ಕು ತಲೆಮಾರಿನಿಂದ ಮದರಾಸಿನವರು, ಹಣೆಯ ಮೇಲೆ ನಾಮ, ಒಂದು ಕೈಯಲ್ಲಿ ಗಂಜಿಯ ಫ್ಲಾಸ್ಕು, ಇನ್ನೊಂದರಲ್ಲಿ ಬಿಪಿ ನೋಡುವ ಯಂತ್ರ. ಅಮ್ಮ ಅವರಿಗೂ ಫೋನು ಮಾಡಿಯಾಗಿತ್ತು.

"ಏನ್ ಮಾಪ್ಳೆ, ಒಡಂಬು ಹ್ಯಾಗಿದೆ?"

"ನನಗೇನೂ ಆಗಿಲ್ಲ ಮಾವ! ಫೋನು ಬದಲಾಯಿಸಿದೆ, ಅಷ್ಟೇ!"

"ಎಲ್ಲಾ ಪೇಷಂಟೂ ಇದನ್ನೇ ತಾನೆ ಸೊಲ್ಲೋದು? ಸುಮ್ಮನೆ ಉಕ್ಕಾರಪ್ಪ" ಎಂದು ನನ್ನನ್ನು ಕುರ್ಚಿಗೆ ತಳ್ಳಿ ತೋಳಿಗೆ ಪಟ್ಟಿ ಸುತ್ತಿದರು. ಈ ಗಲಾಟೆಯಲ್ಲಿ ಯಾರಿಗೆ ತಾನೆ ಬಿಪಿ ಏರುವುದಿಲ್ಲ? ಯಂತ್ರ ನೂರ ಅರವತ್ತು ಎಂದಿತು. ಮಾವ ಅಲ್ಲೇ ನಿಂತು ಮೈಸೂರಿಗೆ ವರದಿ ಒಪ್ಪಿಸಿದರು. "ಅಮ್ಮಾ, ನೂರ ಅರವತ್ತು! ಆದ್ರೆ ಭಯಪಡಬ್ಯಾಡಿ, ನಾ ಇದೀನಿ." ಇದಕ್ಕಿಂತ ಭಯಪಡಿಸುವ ವಾಕ್ಯ ಇನ್ನೊಂದಿಲ್ಲ!

ಅಷ್ಟರಲ್ಲಿ ಟ್ಯೂಷನ್ನಿನಿಂದ ಬಂದ ಮಾನ್ಯಾ ಗಂಜಿ ಕುಡಿಯುತ್ತಿದ್ದ ಅಪ್ಪನನ್ನು ನೋಡಿ, "ಎನ್ನಪ್ಪಾ ಆಚ್ಚು?" ಎಂದಳು. ಏನಾಯಿತೆಂದು ಕೇಳಿದ ಮಗಳಿಗೆ ನಾನು ಹೊಸ ಫೋನಿನ ಕಡೆ ಬೆರಳು ತೋರಿಸಿದೆ.

ಮಾರನೆಯ ದಿನ ಬೆಳಿಗ್ಗೆ ಮೈಸೂರಿನಿಂದ ಅಣ್ಣ ದಿನೇಶನ ಫೋನು. "ಅಮ್ಮನ್ನ ರೈಲು ಹತ್ತಿಸಿದೀನಿ. ಇವತ್ತು ಅವರ ಭಜನಾ ಮಂಡಳಿ ವಾರ್ಷಿಕೋತ್ಸವ, ಅವರೇ ಕಾರ್ಯದರ್ಶಿ. ಅದನ್ನೂ ಬಿಟ್ಟು ಹೊರಟ್ರು. ನೀನು ಬದುಕಿದೀಯ ತಾನೇ?"

ಸಂಜೆ ಸೆಂಟ್ರಲ್ ಸ್ಟೇಷನ್ನಿನಿಂದ ಪಾವನಾ ಅಮ್ಮನನ್ನು ಕರೆತಂದಳು. ಎಪ್ಪತ್ತೊಂದು ವರ್ಷದ ಅಮ್ಮ ಚಪ್ಪಲಿ ಬಿಡುವ ಮೊದಲೇ ನನ್ನ ಹಣೆ ಮುಟ್ಟಿದರು, ಕತ್ತು ಮುಟ್ಟಿದರು. ಆಮೇಲೆ ಗೋಡೆಯ ಬುಡವನ್ನೆಲ್ಲ ಸುತ್ತ ನೋಡಿದರು.

"ನೀರು ಎಲ್ಲಿವರೆಗೆ ಬಂದಿತ್ತು?"

"ಅಮ್ಮಾ, ಇದು ಏಪ್ರಿಲ್! ನಾವೀಗ ಇರೋದು ನಾಲ್ಕನೇ ಮಹಡಿ!"

"ಹಾಗಾದ್ರೆ ನಿಜವಾಗ್ಲೂ ಏನೂ ಇಲ್ವಾ?"

"ಇಲ್ಲಮ್ಮ. ಫೋನು ಕಟ್ ಮಾಡಕ್ಕೆ ಬರಲಿಲ್ಲ."

ಅಮ್ಮ ಸೋಫಾದ ಮೇಲೆ ಕುಸಿದು ಕೂತರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಜೋಲಾರಪೇಟೆ ದಾಟಿದ್ರೂ ಒಂದು ಗುಟುಕು ನೀರು ಇಳೀಲಿಲ್ಲ ಕಣೋ. ದಾರಿಯುದ್ದಕ್ಕೂ ದೇವರಿಗೆ ಏನೇನೋ ಹರಕೆ ಹೊತ್ಕೊಂಡು ಬಂದೆ" ಎಂದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಒಂದು ಗುಂಪು ಫೋಟೋದ ಆಸೆಗೆ ಹೆತ್ತವಳಿಗೆ ಇಂಥ ಹಗಲು ಕೊಟ್ಟೆನಲ್ಲ! ಅವರ ಕಾಲ ಬಳಿ ಕೂತು, "ತಪ್ಪಾಯ್ತಮ್ಮ. ನಾಳೇನೇ ಈ ಶನಿಯನ್ನ ವಾಪಸ್ ಕೊಟ್ಟು ಹಳೇದಕ್ಕೇ ಹೋಗ್ತೀನಿ" ಎಂದೆ.

"ಯಾವುದು ಶನಿ? ಕೊಡು ನೋಡೋಣ."

ಕೊಟ್ಟೆ. ಅಮ್ಮ ಕನ್ನಡಕ ಏರಿಸಿ ನೋಡಿದರು. ಆಮೇಲೆ ತಮ್ಮ ಕೈಚೀಲಕ್ಕೆ ಕೈಹಾಕಿ, ಕುಂಕುಮದ ಭರಣಿ, ವಿಭೂತಿ ಪೊಟ್ಟಣ, ಕೊಬ್ಬರಿಮಿಠಾಯಿ ಡಬ್ಬಿ ಎಲ್ಲ ಸರಿಸಿ ಇನ್ನೊಂದು ಐಫೋನು ಹೊರತೆಗೆದರು!

"ದಿನೇಶನ ಮಗ ಧನುಷ್ ಹೊಸದು ತಗೊಂಡಾಗ ತನ್ನ ಹಳೇದು ನನಗೆ ಕೊಟ್ಟ. ಆರು ತಿಂಗಳಾಯ್ತು. ಭಜನೆ ರೆಕಾರ್ಡ್ ಮಾಡಕ್ಕೆ ಬಲು ಚೆನ್ನ. ನೋಡು, ಲಾಕ್ ಆಗಿದ್ದಾಗ ಫೋನು ಬಂದ್ರೆ ಪಕ್ಕದ ಈ ಗುಂಡೀನ ಎರಡು ಸಲ ಒತ್ತಬೇಕು. ಕಟ್!"

ಮಾನ್ಯಾ, "ಪಾಟಿ ಸೂಪರ್!" ಎಂದು ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು.

"ನೀವು ಐಫೋನು ಇಟ್ಕೊಂಡಿದೀರ ಅಂತ ನನಗೊಂದು ಮಾತು ಹೇಳಬಾರದಿತ್ತಾ ಅಮ್ಮಾ? ನಾನು ನಿಮ್ಮನ್ನೇ ಕೇಳ್ತಿದ್ದೆ!"

"ಹೇಳೋದು ಯಾವಾಗ? ನಾವು ಮಾತಾಡೋದೇ ಇಲ್ವಲ್ಲೋ!"

ಪಾವನಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅಮ್ಮನೂ ನಕ್ಕರು. ನಾನು ಎದ್ದು ಹೋಗಿ ಅಮ್ಮನಿಗೆ ಒಂದು ಲೋಟ ನೀರು ತಂದುಕೊಟ್ಟೆ.

ಅಮ್ಮ ನಾಲ್ಕು ದಿನ ಇದ್ದರು. ಲೆಕ್ಕದ ಪ್ರಕಾರ ಮೊದಲ ಜಗಳ ಮೂರನೇ ನಿಮಿಷಕ್ಕೇ ಬಂತು, ನನ್ನ ತಲೆಗೆ ಎಣ್ಣೆ ಹಚ್ಚುವ ವಿಷಯಕ್ಕೆ. ಎರಡನೆಯದು ನಾನು ಮೈಸೂರು ಬಿಟ್ಟದ್ದಕ್ಕೆ. ಆದರೂ ಎಷ್ಟು ಮಾತು! ನನ್ನ ಮೊದಲ ಸಂಬಳದಲ್ಲಿ ಕಳಿಸಿದ ಸೀರೆಯ ಬಣ್ಣ ಹೋದದ್ದು, ಅಪ್ಪ ಬದುಕಿದ್ದಾಗ ಏಳೂಕಾಲಕ್ಕೆ ತಾವೇ ಒತ್ತುವುದಾಗಿ ಹೇಳಿ ಫೋನು ಕಸಿಯುತ್ತಿದ್ದದ್ದು, ಎರಡನೇ ರಿಂಗಿಗೆ ಕಟ್ ಆದ ಕೂಡಲೇ "ಊಟ ಹಾಕು, ಮಗ ಚೆನ್ನಾಗಿದಾನೆ" ಅನ್ನುತ್ತಿದ್ದದ್ದು. ಇದೊಂದೂ ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ನಾನು ಕಟ್ ಮಾಡಿದ್ದು ಇದನ್ನೆಲ್ಲ.

ಅಮ್ಮ ಊರಿಗೆ ಹೋದ ಮರುದಿನ ಸಂಜೆ ಏಳಕ್ಕೇ ನಾನು ಸನ್ನದ್ಧ. ಫೋನು ಲಾಕ್, ಹೆಬ್ಬೆರಳು ಗುಂಡಿಯ ಮೇಲೆ. ಈ ಸಲ ತಪ್ಪಿದರೆ ಹರಿದಾಸ ಮಾವನ ಗಂಜಿ ಖಾತ್ರಿ! ಏಳೂಕಾಲು. ಮೊದಲನೇ ರಿಂಗು. ಎರಡನೇ ರಿಂಗು. ಟಕ್, ಟಕ್! ಕಟ್! ಪಾವನಾಳ ಕಡೆ ಗೆದ್ದ ಪೈಲ್ವಾನನಂತೆ ನೋಡಿದೆ.

ಮತ್ತೆ ರಿಂಗಾಯಿತು. ಇದೇನು, ಅಮ್ಮ ಕೈ ತಪ್ಪಿ ಒತ್ತಿರಬೇಕು. ಟಕ್, ಟಕ್! ಮತ್ತೂ ಅಚ್ಚುಕಟ್ಟಾಗಿ ಕಟ್!

ಈಗ ಪಾವನಾಳ ಫೋನು ಹೊಡೆದುಕೊಂಡಿತು. ಅವಳು ಕೇಳಿಸಿಕೊಂಡು, ನನ್ನ ಮುಖ ನೋಡಿ, ನಗು ತಡೆಯಲಾರದೆ ಸ್ಪೀಕರಿಗೆ ಹಾಕಿದಳು.

"ಆ ಮುಂಡೇದಕ್ಕೆ ಹೇಳು ಪಾವನಾ! ಮಾತಾಡೋಣ ಅಂತ ನಾನು ಮಾಡಿದ್ರೆ ಎರಡೆರಡು ಸಲ ಕಟ್ ಮಾಡ್ತಾನಲ್ಲ, ಎತ್ತೋದು ಹೇಗೆ ಅಂತಾನೂ ನಾನೇ ರೈಲು ಹತ್ತಿ ಬಂದು ಕಲಿಸಬೇಕಾ?"