ಮಾಳಗಿ ಮ್ಯಾಲಿನ ಬಿಸಿಲು ಯಾರದು?

ಸೂರ್ಯಾಗ ಲೆಕ್ಕ ಕೇಳೋ ಮನುಷ್ಯಾನ್ನ ಎಲ್ಲೆರ ನೋಡೀರೇನು? ನೋಡಿಲ್ಲಂದ್ರ ಕಮಲಾಪುರಕ್ಕ ಬರ್ರಿ, ನಮ್ಮ ಮನ್ಯಾಗ ಒಬ್ಬ ಅದಾನ. ನನ್ನ ಮೈದುನ. ವಯಸ್ಸಿನ್ಯಾಗ ನನಗಿಂತ ಸಣ್ಣಾವ, ಹಟದಾಗ ಮಾತ್ರ ನಮ್ಮತ್ತಿಗಿಂತ ಒಂದು ಕೈ ಮ್ಯಾಲ!

ನಾ ಎರಡನೇ ಇಯತ್ತೆ ತನಕ ಸಾಲಿ ಕಲ್ತಾಕಿ. ಅಕ್ಷರ ಸೊಟ್ಟ ಬರ್ತಾವ, ಸಿಟ್ಟು ನೆಟ್ಟಗ ಬರ್ತದ. ಅದಕ್ಕ ಬರಿಯಾಕತ್ತೀನಿ.

ಮನಿ ಮುಂದ ಅವನ ವರ್ಕ್‌ಶಾಪ್. ಬಿತ್ತೋ ಕೂರಗಿ, ಹರಗೋ ಕುಂಟಿ, ಗೇಟು, ಮಂಚದ ಕಾಲು, ಕಬ್ಬಿಣದ್ದು ಏನೇ ಮುರೀಲಿ, ವೆಲ್ಡಿಂಗ್ ಮಾಡಿ ಕೂಡಸ್ತಾನ. ಮನಿ ಮ್ಯಾಲ ಮಾಳಗಿ. ಅದು ನನ್ನ ವರ್ಕ್‌ಶಾಪ್. ಬ್ಯಾಸಿಗ್ಯಾಗ ಅಲ್ಲಿ ಶಂಡಿಗಿ, ಹಪ್ಪಳ, ಶಾವಿಗಿ ಒಣಗಿಸಿ ಕಲಬುರಗಿ ಅಂಗಡಿಗಳಿಗೆ ಕೊಡ್ತೀನಿ. ಗಂಡ ತೀರಿದ ಮ್ಯಾಲ ನಾ ಯಾರ ಮುಂದೂ ಕೈ ಒಡ್ಡದಂಗ ನೋಡ್ಕೊಂಡದ್ದು ಆ ಮಾಳಗಿ. ಅದನ್ನ ಕಸ್ಕೊಳ್ಳಾಕ ಈ ಮೈದುನ ಸೂರ್ಯನ್ನೇ ಕರ್ಕೊಂಡು ಬಂದ ನೋಡ್ರಿ!

ಆಗಿದ್ದಿಷ್ಟು. ಒಂದಿನ ಕುಂಟಿಯ ಮುರದ ಕುಡಕ್ಕ ವೆಲ್ಡಿಂಗ್ ರಾಡ್ ತಾಗಿಸ್ದ, ಕರೆಂಟ್ ಹೋತು. ಬಂತು, ತಾಗಿಸ್ದ, ಮತ್ತ ಹೋತು. ರೈತ ಎತ್ತು ಬಿಟ್ಕೊಂಡು ಕಾಯ್ಕೋತ ಕುಂತಾನ. ಇವಗ ಸಿಟ್ಟು ನೆತ್ತಿಗೇರ್ತು. ಅದೇ ಹೊತ್ತಿಗೆ ಪಾಪ, ಒಬ್ಬ ಲೈನ್‌ಮನ್ ಹಾದು ಹೊಂಟಿದ್ದ.

"ಬಾ ಇಲ್ಲಿ! ನಿಮ್ಮ ತಂತಿ ನೀವೇ ಒಯ್ರಿ. ಇನ್ನ ಈ ಮನಿಗೆ ಸೂರ್ಯ ಒಬ್ನೇ ಮಾಲಕ!"

"ಕಾಕಾ, ನಾ ಚಾ ಕುಡ್ಯಾಕ ಹೊಂಟೀನ್ರಿ."

"ಚಾ ಕುಡದು ಬಂದು ಒಯ್ಯಿ!"

ಮಂದಿ ಸಿಟ್ಟು ಸಂಜೀತನ ಇಳೀತದ. ಇವಂದು ಇಳೀಲಿಲ್ಲ. ಮರದಿನ ಅಂಗಳದಾಗ ಕೋಲು ನೆಟ್ಟ. ಬಿಸಿಲು ಎಲ್ಲಿಂದ ಬರ್ತದ, ನೆಳ್ಳು ಎಲ್ಲಿಗೆ ಹೋಗ್ತದ ಅಂತ ಕುಕ್ಕರಗಾಲಿಲೆ ಕುಂತು ಅಳಿಯೋದು! ಹಾದು ಹೋಗೋರು, "ಏನ್ ಕಾಕಾ, ಬಾವಿ ತೋಡಾಕ ಜಾಗಾ ನೋಡ್ತೀರೇನು?" ಅಂದ್ರ, "ಹೌದು, ಬಾವಿ ಮ್ಯಾಲದ" ಅಂತ ಆಕಾಶ ತೋರಸ್ತಿದ್ದ. ಮಂದಿ ನನ್ನ ಕಡೆ ನೋಡ್ತಿದ್ರು, ನಾನೇ ಹುಚ್ಚು ಹಿಡಿಸಿದಂಗ!

ಆಮ್ಯಾಲ ಲೋಡ್ ಲೆಕ್ಕ ಬಂತು. ದಿನಕ್ಕ ಎಷ್ಟು ಕರೆಂಟ್ ಬೇಕು ಅಂತ ತಿಳೀದ ಸೋಲಾರ್ ಹಾಕಸಬಾರದಂತ. ಗ್ರೈಂಡರ್ ಎಷ್ಟು ತಾಸು, ಡ್ರಿಲ್ ಎಷ್ಟು ತಾಸು ಅಂತ ವರ್ಕ್‌ಶಾಪ್ ಮುಗಿಸಿ ಅಡಗಿ ಮನಿಗೆ ಬಂದ.

"ವೈನಿ, ನಿಮ್ಮ ಫ್ಯಾನ್ ಎಷ್ಟೊತ್ತು ತಿರಗ್ತದ್ರಿ?"

"ನಾ ಸಾಯೋತನಕ."

"ಅದನ್ನ ತಾಸಿನ್ಯಾಗ ಹೇಳ್ರಿ."

ಇಂಥಾವನ ಜೋಡಿ ಹೆಂಗ ಬಾಳ್ವಿ ಮಾಡ್ಲಿ ಹೇಳ್ರಿ!

ಬ್ಯಾಟ್ರಿ ಕೇಳಾಕ ಕಲಬುರಗಿಗೆ ಹೊಂಟ. ನಾನೂ ಶಂಡಿಗಿ ಚೀಲ ಹೊತ್ಕೊಂಡು ಅದೇ ಬಸ್ ಹತ್ತಿದೆ. ಅಲ್ಲಿ ರೋಜಾ ಓಣಿ ಕಡೆ ಒಂದು ಬ್ಯಾಟ್ರಿ ಅಂಗಡಿ. ಮಾಲಕ ಛಲೋ ಮನುಷ್ಯ. ನಾವು ಒಯ್ದ ಕೆಂಪು ಬಾಳಿಹಣ್ಣು ಸುಲಕೋತ, "ಚಾಚಾ, ಬ್ಯಾಟ್ರಿಗೆ ಶಕಿ ಆಗಿಬರಂಗಿಲ್ಲರಿ. ಥಂಡ್ ಜಾಗಾದಾಗ ಇಡ್ರಿ" ಅಂದ. ಅಷ್ಟೇ ಸಾಕಾತು!

"ಹಂಗಾದ್ರ ಬ್ಯಾಟ್ರಿಗೆ ಒಂದು ಕೂಲರ್ ಇಡ್ತೀನಿ" ಅಂದ ನನ್ನ ಮೈದುನ.

"ಕೂಲರ್ ಯಾತರ ಮ್ಯಾಲ ನಡೀತದ?" ಅಂದೆ ನಾ.

"ಬ್ಯಾಟ್ರಿ ಮ್ಯಾಲ."

"ಬ್ಯಾಟ್ರಿ ಸಾಲ್ತದೇನು?"

"ಇನ್ನೊಂದು ತಗೋತೀನಿ."

"ಅದಕ್ಕ ಶಕಿ ಆಗಂಗಿಲ್ಲೇನು?"

ಅವ ಬೆರಳು ಎಣಸಾಕತ್ತ. ಅಂಗಡಿಯವ ಹೊಟ್ಟಿ ಹಿಡ್ಕೊಂಡು ನಕ್ಕ, "ಅರೆ ಚಾಚಾ, ನೆಳ್ಳಾಗ ಇಟ್ರ ಬಸ್. ಅದು ಬ್ಯಾಟ್ರಿ ಅದ, ಮನಿ ಅಳಿಯಾ ದಾಮಾದ್ ಅಲ್ಲರಿ!"

ನನಗ ನಗು ಬರಲಿಲ್ಲ. ತಲಿ ಮ್ಯಾಲ ಹಸಿ ಟವೆಲ್ ಹಾಕ್ಕೊಂಡು ಎಷ್ಟು ಬ್ಯಾಸಿಗಿ ಆ ಮಾಳಗಿ ಮ್ಯಾಲ ಕುಂತೀನಿ! ಈಕಿಗೊಂದು ಕೂಲರ್ ಇಡ್ಬೇಕು ಅಂತ ಯಾರರ ಅಂದಾರೇನು?

ಹೊಳ್ಳಿ ಬಂದಾವನೇ ನನ್ನ ಚಾಪಿ ದಾಟಿ ದಾಟಿ ಮಾಳಗಿ ಅಳದ.

"ವೆಲ್ಡಿಂಗ್ ಮಷಿನ್ ಎಳಿಬೇಕಂದ್ರ ಎಂಟು ಸೋಲಾರ್ ಪ್ಲೇಟ್ ಬೇಕು ವೈನಿ. ಮಾಳಗಿ ಪೂರಾ ತುಂಬ್ತದ."

"ನನ್ನ ಶಂಡಿಗಿ?"

"ಮಳಿಗಾಲದಾಗ ಒಣಗಿಸ್ರಿ."

ಕೇಳಿದ್ರಿಲ್ಲೋ! ಮಳಿಗಾಲದಾಗ ಶಂಡಿಗಿ!

"ನೀ ಮಳಿಗಾಲದಾಗ ವೆಲ್ಡಿಂಗ್ ಮಾಡು!" ಅಂದೆ.

"ಮಿರಗದ ಮಳಿ ಬರೋದ್ರಾಗ ರೈತರಿಗೆ ಕೂರಗಿ ರೆಡಿ ಬೇಕಲ್ಲರಿ."

ಅದೂ ಖರೆ. ವರ್ಷಾ ಪೂರಾ ಸುರಿಯೋ ಬಿಸಿಲಿನ್ಯಾಗ ಇಬ್ಬರಿಗೂ ಬೇಕಾದದ್ದು ಚೈತ್ರ ವೈಶಾಖದ ಅದೇ ಒಂದು ತುಂಡು. ಖರೆ ಆದ್ರೇನು, ನಾ ಬಿಡ್ಬೇಕೇನು?

ನೋಡೂಣು ಅಂತ ಮೊದಲು ಒಂದೇ ಪ್ಲೇಟ್ ತಂದು ಇಟ್ಟ. ಎಲ್ಲಿ? ನಾ ಚಾಪಿ ಹಾಸೋ ಜಾಗದಾಗ! ನಾ ಏನು ಮಾಡ್ದೆ, ಅದರ ಮ್ಯಾಲೇ ಹಳೇ ಸೀರಿ ಹಾಸಿ ಶಂಡಿಗಿ ಇಟ್ಟೆ. ಕೆಳಗ ಅವ ವಯರ್ ಬಿಚ್ಚಿದ, ಹಚ್ಚಿದ, ಮತ್ತ ಬಿಚ್ಚಿದ. ಅಂಗಡಿಯವಗ ಫೋನ್ ಮಾಡಿ, "ಸತ್ತ ಪ್ಲೇಟ್ ಕೊಟ್ಟೀರಿ" ಅಂತ ಬೈದ. ಕಡೀಕ ಮ್ಯಾಲ ಬಂದು ನೋಡಿ, ಸೀರಿ ತುದಿ ಎತ್ತಿ ಒದರಿದ.

"ವೈನಿ! ಇದೇನ್ರಿ?"

"ಕೆಳಗಿಂದೂ ಶಕಿ, ಮ್ಯಾಲಿಂದೂ ಶಕಿ, ಧೂಳೂ ಇಲ್ಲ. ಲಗೂನ ಒಣಗ್ತಾವ. ನಿನ್ನ ಸೋಲಾರಿಂದು ಇದೊಂದೇ ಉಪಯೋಗ."

ಅವತ್ತಿಂದ ಮಾತು ಬಂದ್. ರೊಟ್ಟಿ ಬೇಕಂದ್ರ ತಾಟು ಬಡೀತಿದ್ದ. ನಾ ಎಮ್ಮಿಗೆ ಮೇವು ಹಾಕ್ದಂಗ ಹಾಕ್ತಿದ್ದೆ.

ಪ್ಲೇಟ್ ಕೂಡಸೋರು ಕಲಬುರಗಿಯಿಂದ ಬಂದ ದಿನ ನಾ ಸೆರಗು ಸೊಂಟಕ್ಕ ಸಿಕ್ಕಿಸಿ ಜಗಳಕ್ಕ ತಯಾರಾಗಿ ಮೆಟ್ಟಲ ಹತ್ತಾಕತ್ತಿದ್ದೆ. ಮ್ಯಾಲ ಅವರು ಮಾತಾಡೋದು ಕೇಳಸ್ತು.

"ಎಂಟು ಹಿಡೀತಾವಲ್ಲ ಕಾಕಾ, ನಾಕೇ ಯಾಕ ತಗೊಂಡ್ರಿ? ನಾಕರ ಮ್ಯಾಲ ವೆಲ್ಡಿಂಗ್ ಎಳಿಯಂಗಿಲ್ಲ."

"ಡ್ರಿಲ್ಲು, ಗ್ರೈಂಡರು ನಡದ್ರ ಸಾಕು," ಅಂದ ನನ್ನ ಮೈದುನ.

"ಅರ್ಧಾ ಮಾಳಗಿ ಸುಮ್ನ ಖಾಲಿ ಬಿಡ್ತೀರೇನು?"

"ಖಾಲಿ ಎಲ್ಲದ? ಲೆಕ್ಕ ಹಾಕೇ ಬಿಟ್ಟೀನಿ. ಆ ಅರ್ಧಾ ನಮ್ಮ ವೈನಿ ಲೋಡು."

ನನಗ ಸಿಟ್ಟು ಬಂತು ನೋಡ್ರಿ! ಇಷ್ಟು ದಿನ ಬಂದದ್ದು ಸಿಟ್ಟೇ ಅಲ್ಲ! ವೆಲ್ಡಿಂಗ್ ಬಿಟ್ಟು ವೆಲ್ಡಿಂಗಿನವ ಏನು ಮಾಡ್ತಾನ, ಭಜನಿ ಮಾಡ್ತಾನೇನು? ದಡದಡ ಮ್ಯಾಲ ಹತ್ತಿ ಒದರಿದೆ:

"ಕಾಗಿ ಕಾಯಾಕ ನಾ ಆ ಮೂಲ್ಯಾಗ ಕುಂದ್ರತೀನಿ. ಕುಂದ್ರೋ ಜಾಗದಾಗ ಶಂಡಿಗಿ ಇಡ್ತೀನೇನು? ಅಲ್ಲಿ ಕಂಬ ಎತ್ತರ ಮಾಡಿ ಇನ್ನೆರಡು ಹಾಕ್ರಿ! ಇಷ್ಟು ಅಳದ್ರಿ, ಅದು ಕಾಣಲಿಲ್ಲೇನು? ಕಣ್ಣು ಅದಾವೋ ಗೋಲಿಗುಂಡ ಅದಾವೋ?"

ಇನ್ನೆರಡು ತರಸಿ ಹಾಕಿದ್ರು, ಆರಾದ್ವು. "ಆರರ ಮ್ಯಾಲ ವೆಲ್ಡಿಂಗ್ ನಡೀತದ ಕಾಕಾ, ಬಿಸಿಲು ನೆಟ್ಟಗಿದ್ದಾಗ ಮಾತ್ರ. ಮೋಡ ಬಂದಾಗ ಹಚ್ಚಬ್ಯಾಡ್ರಿ, ಬ್ಯಾಟ್ರಿ ಬಸದು ಹೋಗ್ತದ" ಅಂತ ಹೇಳಿ ಅವರು ಹೋದ್ರು.

ಅವರು ಹೋದ್ರು, ನಾ ಸಿಕ್ಕೊಂಡೆ. ಈಗ ದಿನಾ ರಾಡ್ ತಾಗಸೋ ಮೊದಲು ಅಂಗಳದಾಗ ನಿಂತು ಒದರ್ತಾನ, "ವೈನಿ, ಮೋಡ ಅದೇನ್ರಿ?" ನಾ ಪ್ಲೇಟಿನ ನೆಳ್ಳಾಗ ಕುಂತು, ಬಗ್ಗಿ ಆಕಾಶ ನೋಡಿ, "ಇಲ್ಲ, ಹಚ್ಚು!" ಅನ್ಬೇಕು. ನನಗ ಬ್ಯಾರೆ ಉದ್ಯೋಗ ಇಲ್ಲೇನು?

ಮೊನ್ನೆ ಮಧ್ಯಾಹ್ನ ಕೆಳಗ ಕೆಮ್ಮು ಕೇಳಸ್ತು, ನಿಲ್ಲವಲ್ದು. ಬಗ್ಗಿ ನೋಡ್ದೆ. ಅಂಗಿ ತೊಯ್ದು ಬೆನ್ನಿಗೆ ಅಂಟೇದ, ಕೈಯಾಗ ರಾಡ್ ಹಂಗೇ ಅದ. ಆದ್ರೂ ಬಿಡವಲ್ಲ!

"ವೈನಿ, ಮೋಡ ಅದೇನ್ರಿ?"

ಆಕಾಶ ತಿಕ್ಕಿ ತೊಳದ ತಾಟಿನಂಗಿತ್ತು.

"ದೊಡ್ಡ ಮೋಡ ಬಂದದ. ನೀರು ಕುಡದು ಸುಮ್ನ ಕುಂದ್ರು!" ಅಂದೆ.

ಬಿಸಿಲು ಎಷ್ಟು ಬೀಳಾಕತ್ತದ ಅಂತ ಘಳಿಗಿ ಘಳಿಗಿಗೂ ತೋರಸೋ ಡಬ್ಬಿ ಒಂದು ಅವನ ಮೂಗಿನ ಮುಂದೇ ಗ್ವಾಡಿಗೆ ಅದ. ಅದನ್ನ ನೋಡ್ದ. ಮ್ಯಾಲ ನನ್ನ ಮಾರಿ ನೋಡ್ದ.

"ಹೌದ್ರಿ ವೈನಿ, ಭಾಳ ದೊಡ್ಡದದ" ಅಂದು, ಮಷಿನ್ ಬಂದ್ ಮಾಡಿ ಕಟ್ಟಿ ಮ್ಯಾಲ ಕುಂತ.