ಮೊದಲು ಕೂಗಿದವನೇ ಸರಿ

ನಾನು ಕೇಳಲಿಲ್ಲ. ನನ್ನ ತಪ್ಪು ಇಷ್ಟೇ. ಕೇಳುವುದಕ್ಕೆ ಡೀಸೆಲ್ ಬೇಕಾಗಿಲ್ಲ, ಲೈಸೆನ್ಸ್ ಬೇಕಾಗಿಲ್ಲ, ಏಳನೆಯ ಕ್ಲಾಸು ದಾಟಿರಬೇಕಾಗಿಯೂ ಇಲ್ಲ. ಬಾಯಿ ತೆರೆದು "ಇದೇನವ್ವಾ?" ಎಂದರೆ ಮುಗಿಯಿತು. ಆ ಒಂದು ಮಾತನ್ನು ಆಡದೆ, ಅದೇ ಬಾಯಿಂದ ಬೇರೆ ಏನೇನೋ ಕೂಗಿ, ನನ್ನ ಒಬ್ಬಳೇ ತಂಗಿಯ ಓದನ್ನು ನಡುದಾರಿಯಲ್ಲಿ ಇಳಿಸಿಬಿಡುತ್ತಿದ್ದೆ. ಕೇಳಿದ ಮೇಲೆ ಕೂಗುವವರು ಕೆಲವರು, ಕೂಗಿದ ಮೇಲೆ ಕೇಳುವವರು ಕೆಲವರು. ನಾನು ಕೂಗಿದ ಮೇಲೂ ಕೇಳದವನು.

ಇದಕ್ಕೆ ನನ್ನ ಉದ್ಯೋಗವೂ ಸ್ವಲ್ಪ ಕಾರಣ ಎಂದು ಹೇಳಿ ಮನಸ್ಸು ಹಗುರ ಮಾಡಿಕೊಳ್ಳುತ್ತೇನೆ. ನಾನು ಮಸ್ಕಿಯಿಂದ ಸಿಂಧನೂರಿಗೆ ಟಂಟಂ ಓಡಿಸುವವನು. ಮೂರು ಗಾಲಿ, ಹಿಂದೆ ಎದುರುಬದುರು ಸೀಟು, ಒಳಗೆ ಹಿಡಿಸುವಷ್ಟು ಜನ, ಹಿಡಿಸದಿದ್ದರೂ ಹತ್ತುವ ಜನ. ನಮ್ಮ ಸ್ಟ್ಯಾಂಡಿಗೆ ತನ್ನದೇ ಆದ ಕಾಯಿದೆಗಳುಂಟು. ಅವುಗಳಲ್ಲಿ ದೊಡ್ಡದು, ಮೊದಲು ಕೂಗಿದವನೇ ಸರಿ ಎಂಬುದು. ಎರಡು ಗಾಡಿ ತಾಗಿದವು ಅನ್ನಿ. ಯಾರ ತಪ್ಪು ಎಂದು ಇಳಿದು ನೋಡುತ್ತ ನಿಂತವನು ಕೆಟ್ಟ. ಇಳಿಯುವ ಮೊದಲೇ "ಕಣ್ಣು ಮನ್ಯಾಗಿಟ್ಟು ಬಂದೀಯೇನಲೇ" ಎಂದು ಕೂಗಿದವನ ಕಡೆ ಜನ ನಿಲ್ಲುತ್ತಾರೆ. ಈ ಕಾಯಿದೆಯನ್ನು ನನಗೆ ಕಲಿಸಿದವರು ಹಿರಿಯ ಡ್ರೈವರ್ ಹುಸೇನಸಾಬ್ ಚಾಚಾ. ಅವರ ಮಾತು ಆಮೇಲೆ ಬರುತ್ತದೆ. ತಪ್ಪಾಯಿತು ಎನ್ನುವ ಶಬ್ದ ನಮ್ಮ ಸ್ಟ್ಯಾಂಡಿನಲ್ಲಿ ಯಾರ ಬಾಯಲ್ಲೂ ಇಲ್ಲ. ಇದ್ದರೂ ಹಾರ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಲ್ಲ.

ನನ್ನ ತಂಗಿ ಶರಣಮ್ಮ ಸಿಂಧನೂರಿನಲ್ಲಿ ಬಿಎಸ್ಸಿಗೆ ಸೇರಿದಾಗ ನನ್ನ ಎದೆ ಟಂಟಂನ ಟಾಪಿಗಿಂತ ಮೇಲೆ ಹೋಗಿತ್ತು. ನಮ್ಮ ಮನೆಯಲ್ಲಿ ಡಿಗ್ರಿಯ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಕಾಲೇಜು ಎಂದರೇನು ಎಂದು ನನಗೆ ಗೊತ್ತಿರಲಿಲ್ಲ, ಆದರೆ ದಿನಾ ಕಾಲೇಜಿನ ಹುಡುಗರನ್ನೇ ಹೊತ್ತು ತಿರುಗುವುದರಿಂದ ಗೊತ್ತಿದೆ ಎಂದೇ ತಿಳಿದಿದ್ದೆ. ಸೇರಿದ ಹೊಸದರಲ್ಲಿ ಒಂದು ಸಂಜೆ ಶರಣು ಬಂದು, "ಅಣ್ಣಾ, ನಮಗೆಲ್ಲಾ ಮೆಂಟರ್ ಕೊಟ್ಟಾರ" ಎಂದಳು. "ಹೌದೇನು, ಚಲೋ ಆತು" ಎಂದೆ. ಸರಕಾರ ಲ್ಯಾಪ್‌ಟಾಪ್ ಕೊಟ್ಟದ್ದು ಕೇಳಿದ್ದೆ, ಇದೂ ಅಂಥದ್ದೇ ಏನೋ ಸಾಮಾನು ಇರಬೇಕು ಎಂದುಕೊಂಡೆ. ಮನೆಗೆ ತಂದರೆ ಇಲಿ ಕಡಿಯದ ಹಾಗೆ ಎಲ್ಲಿಡುವುದು ಎಂದೂ ಯೋಚಿಸಿದೆ. ನೀವು ನಗಬಹುದು. ಹೊಸದಾಗಿ ಬಂದ ಪ್ರತಿಯೊಬ್ಬರನ್ನೂ ಕೊನೆಯ ವರ್ಷದ ಒಬ್ಬರ ಕೈಗೆ ಒಪ್ಪಿಸಿ, ಇವರಿಗೆ ದಾರಿ ತೋರಿಸುತ್ತ ನಡೆಯಿರಿ ಎಂದು ಆ ಕಾಲೇಜು ಹೇಳುತ್ತದೆ, ಹಾಗೆ ದಾರಿ ತೋರಿಸುವವರನ್ನೇ ಮೆಂಟರ್ ಅನ್ನುತ್ತಾರೆ ಎಂದು ತಿಳಿಯಲು ನನಗೆ ಒಂದು ಪ್ರಶ್ನೆ ಸಾಕಿತ್ತು. ಆ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಅಣ್ಣನಾದವನು ತಂಗಿಯನ್ನು ಕೇಳಿ ತಿಳಿಯುವುದೇ?

ಆಮೇಲೆ ಮನೆಯಲ್ಲಿ ಡಬ್ಬಿ ಎರಡಾದವು. ಶರಣು ಮೊದಲು ಒಂದು ಡಬ್ಬಿ ಒಯ್ಯುತ್ತಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಈಗ ಅದೇ ಅಡಿಗೆ ಎರಡು ಡಬ್ಬಿಯಲ್ಲಿ ಹೊರಟಿತು, ಸಂಜೆ ಎರಡೂ ಖಾಲಿಯಾಗಿ ಬಂದವು. ಹುಡುಗಿ ಮಾತ್ರ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿದ್ದಳು. ಕ್ಲಾಸಿಗಿಂತ ಮೊದಲೇ ಕಾಲೇಜು ಮುಟ್ಟಬೇಕು ಎಂದು ನನ್ನ ಮೊದಲ ಪಾಳಿಯಲ್ಲೇ ಹತ್ತುತ್ತಿದ್ದಳು. ದಾರಿಯುದ್ದಕ್ಕೂ ಏನೋ ಗುಣುಗುಣು. ಹಿಂದಿನ ಸೀಟಿನ ಹುಡುಗರು ಮಾತಾಡುವಾಗ ರ್‍ಯಾಗಿಂಗ್ ಎಂಬ ಶಬ್ದ ನನ್ನ ಕಿವಿಗೆ ಬಿದ್ದದ್ದೂ ಆಗಲೇ. ದೊಡ್ಡ ಕ್ಲಾಸಿನವರು ಸಣ್ಣವರನ್ನು ನಿಲ್ಲಿಸಿ ಹಾಡಿಸುತ್ತಾರಂತೆ, ಊಟ ಕಸಿದು ತಿನ್ನುತ್ತಾರಂತೆ. ನನ್ನ ತಲೆಯಲ್ಲಿ ಎರಡನೆಯ ಡಬ್ಬಿ ತಟ್ಟನೆ ತೆರೆದುಕೊಂಡಿತು.

ಮರುದಿನ ಶರಣುವನ್ನು ಇಳಿಸಿ ಹೋಗದೆ ಗೇಟಿನ ಹೊರಗೆ ಗಾಡಿ ನಿಲ್ಲಿಸಿ ನೋಡಿದೆ. ಬೇವಿನ ಗಿಡದ ಕಟ್ಟೆಯ ಮೇಲೆ ಒಬ್ಬ ಹುಡುಗಿ ರಾಣಿಯ ಹಾಗೆ ಕುಳಿತಿದ್ದಾಳೆ, ಪಕ್ಕದಲ್ಲಿ ನಮ್ಮ ಮನೆಯ ಡಬ್ಬಿ ಇದೆ. ಎದುರಿಗೆ ನನ್ನ ತಂಗಿ ಕೈಕಟ್ಟಿ ನಿಂತು ಏನೋ ಒಪ್ಪಿಸುತ್ತಿದ್ದಾಳೆ. ಆ ಹುಡುಗಿ ಕೈ ಎತ್ತಿ ನಿಲ್ಲಿಸುತ್ತಾಳೆ, ಇವಳು ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ, ಕಣ್ಣು ಒರೆಸಿಕೊಳ್ಳುತ್ತಾಳೆ. ನನಗೆ ಇನ್ನೇನು ಬೇಕು? ಹಾರ್ನ್ ಒತ್ತಿದ ಕೈ ತೆಗೆಯಲೇ ಇಲ್ಲ. ಇಡೀ ಕಾಲೇಜು ಕಿಟಕಿಗೆ ಬಂತು. ಆಗ ನಮ್ಮ ಸ್ಟ್ಯಾಂಡಿನ ಗಂಟಲಿನಲ್ಲಿ ಕೂಗಿದೆ: "ಏ ಹುಡುಗಿ, ರೊಟ್ಟಿ ಬೇಕಂದ್ರ ನಿಮ್ಮವ್ವನ್ನ ಕೇಳು, ನಮ್ಮ ಹುಡುಗೀನ ಅಳಿಸಿ ತಿನಬ್ಯಾಡ." ಇನ್ನೂ ಏನೇನೋ ಕೂಗಿದೆ, ಬರೆಯುವಂಥದ್ದಲ್ಲ. ಆ ಹುಡುಗಿ ಎದ್ದು ನಿಂತು ಡಬ್ಬಿಯ ಮುಚ್ಚಳ ಹಾಕಿ ಶರಣುವಿನ ಕೈಗೆ ಕೊಟ್ಟು ಒಳಗೆ ಹೋದಳು. ಗೆದ್ದೆ ಎಂದುಕೊಂಡೆ. ಗೆದ್ದವನ ತಂಗಿ ಗಾಡಿ ಹತ್ತದೆ ಬಸ್ಸಿನಲ್ಲಿ ಊರಿಗೆ ಬಂದಳು.

ಮನೆಗೆ ಹೋದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು. ಆಗ ತಿಳಿದದ್ದು ಇದು. ಆ ಹುಡುಗಿಯ ಹೆಸರು ನಸೀಮಾ, ಹಟ್ಟಿಯವಳು, ತಂದೆ ಚಿನ್ನದ ಗಣಿಯಲ್ಲಿ ಪಾಳಿಯ ಕೆಲಸಗಾರ. ಇವಳು ಸಿಂಧನೂರಿನ ಹಾಸ್ಟೆಲ್ಲಿನಲ್ಲಿದ್ದು ಕೊನೆಯ ವರ್ಷ ಓದುತ್ತಾಳೆ. ನಾನು ಇಲಿಯಿಂದ ಕಾಪಾಡಬೇಕೆಂದಿದ್ದ ಮೆಂಟರ್ ಇವಳೇ. ಕನ್ನಡದಲ್ಲಿ ಓದಿ ಬಂದ ಶರಣುವಿಗೆ ಇಂಗ್ಲಿಷಿನ ಪಾಠ ತಲೆಗೆ ಹತ್ತದೆ ಮೊದಲ ವಾರವೇ ಬಿಟ್ಟುಬಿಡುತ್ತೇನೆ ಎಂದು ಅತ್ತಾಗ ಕೈಹಿಡಿದು ಕೂರಿಸಿದ್ದವಳು ಇವಳು. ಈಗ ಕ್ಲಾಸಿನ ಮುಂದೆ ನಿಂತು ಸೆಮಿನಾರು ಕೊಡಬೇಕಿತ್ತು, ಎದ್ದು ನಿಂತರೆ ಶರಣುವಿನ ಗಂಟಲು ಕಟ್ಟುತ್ತಿತ್ತು, ಅದಕ್ಕೇ ದಿನಾ ಬೇವಿನ ಕೆಳಗೆ ನಿಲ್ಲಿಸಿ ಹೇಳಿಸುತ್ತಿದ್ದಳು. ಎರಡನೆಯ ಡಬ್ಬಿ ಅವ್ವನ ಹುಕುಂ. ಹಾಸ್ಟೆಲ್ ಊಟ ತಿಂದು ನಮ್ಮ ಹುಡುಗಿಗೆ ಕಲಿಸುವವಳು ರೊಟ್ಟಿ ತಿನ್ನಲಿ ಎಂದು. "ನನ್ನ ಕೇಳಿದ್ರ ಹೇಳ್ತಿದ್ನಲ್ಲೋ" ಎಂದಳು ಅವ್ವ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಗಾಡಿ ಓಡಿಸುವವನಿಗೆ ಮಾತ್ರ ಗೊತ್ತಿರಲಿಲ್ಲ.

ಶರಣು ಮುಸುಕು ಹೊದ್ದು ಮಲಗಿದವಳು ಇನ್ನು ಕಾಲೇಜಿಗೆ ಹೋಗುವುದಿಲ್ಲ ಎಂದಳು. ಇಡೀ ಕಾಲೇಜಿನ ಎದುರು ಹಾಗೆ ಕೂಗಿಸಿಕೊಂಡ ನಸೀಮಕ್ಕನಿಗೆ ಮುಖ ತೋರಿಸುವುದಾದರೂ ಹೇಗೆ? ಮುಂದಿನ ಸೋಮವಾರವೇ ಸೆಮಿನಾರು.

ಸ್ಟ್ಯಾಂಡಿನಲ್ಲಿ ಹುಸೇನಸಾಬ್ ಚಾಚಾನಿಗೆ ಹೇಳಿದೆ, ಸಮಾಧಾನ ಮಾಡಿಯಾರು ಎಂದು. ಅವರು ಚಹಾದ ಕಪ್ಪು ಕೆಳಗಿಟ್ಟು, "ಬಸ್ಯಾ, ನೀ ಮೊದಲ ಸಲ ಗಾಡಿ ಹೊಡದಾಗ ಬಾಜೂಕ ಯಾರು ಕುಂತಿದ್ರಲೇ?" ಎಂದರು. "ನೀವಾ ರೀ" ಎಂದೆ. "ಗೇರ್ ಹಾಕಾಕ ಬರ್ಲಿಲ್ಲಂದ್ರ ಕೈಮ್ಯಾಲೆ ಹೊಡೀತಿದ್ನೋ ಇಲ್ಲೋ? ನಿಮ್ಮವ್ವನ ಬುತ್ತೀನೂ ತಿಂದೀನಿ. ನಿಮ್ಮಣ್ಣ ಬಂದು ನನ್ನ ಮುಂದ ಹಾರ್ನ್ ಹೊಡದಿದ್ನೇನು?" ನನಗೆ ಅಣ್ಣನಿಲ್ಲ ಎಂಬುದು ಬಿಟ್ಟರೆ ಅವರ ವಾದದಲ್ಲಿ ತಪ್ಪು ಸಿಗಲಿಲ್ಲ. ಹೊಸ ಡ್ರೈವರ್ ಬಂದರೆ ಹಳಬನೊಬ್ಬ ಪಕ್ಕದಲ್ಲಿ ಕೂತು ಎಲ್ಲಿ ಗುಂಡಿ ಇದೆ, ಯಾವ ಊರಿನ ಮುದುಕಿ ಕೈ ತೋರಿಸದೆ ನಿಲ್ಲುತ್ತಾಳೆ, ಎಲ್ಲವನ್ನೂ ಕಲಿಸುವುದು ನಮ್ಮ ಸ್ಟ್ಯಾಂಡಿನ ಇನ್ನೊಂದು ಕಾಯಿದೆ. ಅಂದರೆ ಮೆಂಟರ್ ಎಂಬುದು ನಮ್ಮ ಮನೆಯಲ್ಲಿ ಮೊದಲು ಸಿಕ್ಕಿದ್ದು ನನಗೇ.

ಸಾರಿ ಕೇಳೋಣ ಎಂದು ಹೊರಟೆ. ಆದರೆ ಆ ಶಬ್ದ ಬಾಯಿಗೆ ಬರಲೊಲ್ಲದು. ಶರಣುವಿನ ತಲೆದಿಂಬಿನ ಹತ್ತಿರ ಮಿರ್ಚಿ ಭಜಿ ಇಟ್ಟೆ, ಅದು ತಣ್ಣಗಾಯಿತು. ಗಾಡಿಯ ಹಿಂದೆ ಬರೆಸಿದರೆ ಹೇಗೆ ಎಂದು ಪೇಂಟರನ ಹತ್ತಿರ ಹೋಗಿ, ಕ್ಷಮಿಸು ಎಂದು ಬರಿ ಎಂದರೆ, ಅವನು ನನ್ನ ಭುಜ ತಟ್ಟಿ, ಪಕ್ಕದಲ್ಲಿ ಒಡೆದ ಹೃದಯವನ್ನೂ ಬರೆಯುತ್ತೇನೆ, ಹುಡುಗಿ ಯಾವೂರಿನವಳು ಎಂದು ಕೇಳಿದ. ಅಲ್ಲಿಂದ ಓಡಿ ಬಂದೆ.

ರವಿವಾರ ಬೆಳಿಗ್ಗೆ ನಮ್ಮ ಓಣಿಯಲ್ಲಿ ನಸೀಮಾ ಬರುತ್ತಿರುವುದು ಕಂಡಿತು. ಸಿಂಧನೂರಿನಿಂದ ಬಸ್ಸು ಹಿಡಿದು ಬಂದಿದ್ದಳು. ನಾನು ಟಂಟಂ ಕೆಳಗೆ ಸೇರಿಕೊಂಡು ರಿಪೇರಿ ಶುರು ಮಾಡಿದೆ. ಹೊರಗೆ ಉಳಿದದ್ದು ನನ್ನ ಎರಡು ಕಾಲು. ಅವಳು ಕಾಲುಗಳ ಹತ್ತಿರ ನಿಂತಳು.

"ಅಣ್ಣಾರ, ಪಾನಾ, ಸ್ಕ್ರೂಡ್ರೈವರ್ ಎಲ್ಲಾ ಹೊರಗೈತಿ. ಒಳಗ ಏನು ರಿಪೇರಿ ಮಾಡಾಕತ್ತೀರಿ?"

"ನೋಡಾಕತ್ತೀನಿ" ಎಂದೆ.

"ನೋಡ್ರಿ, ನೋಡ್ರಿ. ಆದ್ರ ನಾಳೆ ಗಾಡಿ ನಡೀಬೇಕು. ಶರಣೂನ ಸೆಮಿನಾರ್ ಐತಿ."

ಒಳಗೆ ಹೋಗಿ ಮುಸುಕು ಎಳೆದಳಂತೆ. ಆಗ ಆದ ಮಾತು ನನಗೆ ಅವ್ವನ ಬಾಯಿಂದ ಗೊತ್ತು. "ನಿಮ್ಮಣ್ಣ ಕೂಗಿದ್ದು ನನಗ. ನೀ ಯಾಕ ಮಕ್ಕೊಂಡಿ?" ಎಂದು ಕೇಳಿದಳಂತೆ. ಶರಣು, "ಜನರ ಮುಂದ ನಿಂತ್ರ ಇನ್ನಾ ಗಂಟಲು ಬರಾಂಗಿಲ್ಲಕ್ಕಾ" ಎಂದಾಗ, "ಗಂಟಲು ನಿಮ್ಮ ಮನ್ಯಾಗೇ ಬೇಕಾದಷ್ಟೈತಿ, ಕಾಲೇಜಿಗೇ ಕೇಳಿಸೇತಿ" ಎಂದು ನಕ್ಕಳಂತೆ. ಆಮೇಲೆ ಹೊರಗೆ ಬಂದು ನನ್ನ ಕಾಲುಗಳಿಗೆ ಇನ್ನೊಂದು ಅಪ್ಪಣೆ ಕೊಟ್ಟಳು: ನಾಳೆ ಮೊದಲ ಪಾಳಿಯ ಪ್ಯಾಸೆಂಜರುಗಳೇ ಕ್ಲಾಸು, ಅವರ ಮುಂದೆ ಶರಣು ಸೆಮಿನಾರು ಹೇಳಬೇಕು, ಎಲ್ಲಿಯೂ ಹಾರ್ನ್ ಹೊಡೆಯಕೂಡದು.

ನಾನು ಆ ಸೋಮವಾರ ಓಡಿಸಿದ ಹಾಗೆ ಎಂದೂ ಓಡಿಸಿಲ್ಲ. ಎಮ್ಮೆ ಅಡ್ಡ ಬಂದರೂ ಹಾರ್ನ್ ಇಲ್ಲ, ಇಳಿದು ಕೈಮುಗಿದು ದಾಟಿಸಿದೆ. ಹಿಂದೆ ಕಾಲುವೆ ಕಡೆಯ ಭತ್ತದ ಗದ್ದೆಗೆ ಕಳೆ ತೆಗೆಯಲು ಹೊರಟ ಹೆಂಗಸರು, ನಡುವೆ ನನ್ನ ತಂಗಿ. ಎಲೆ ಬಿಸಿಲು ಕುಡಿದು ತನ್ನ ಅನ್ನ ತಾನೇ ಮಾಡಿಕೊಳ್ಳುವ ಬಗೆ ಅವಳ ವಿಷಯ. ಮೊದಲು ಕನ್ನಡದಲ್ಲಿ ಹೇಳಿದಳು, ಆಮೇಲೆ ಇಂಗ್ಲಿಷಿನಲ್ಲಿ. ದನಿ ಮೊದಲು ಇಂಜಿನ್ ಸದ್ದಿನಲ್ಲಿ ಮುಳುಗುತ್ತಿತ್ತು. ಮೂಲೆಯಿಂದ ಎಲ್ಲಮ್ಮತ್ತೆ, "ಏ ಶರಣವ್ವಾ, ನಮಗೂ ಕೇಳಲಿ, ನಾವೂ ಟಿಕೀಟು ಕೊಟ್ಟೀವಿ" ಎಂದು ಗದರಿಸಿದ ಮೇಲೆ ದನಿ ಏರಿತು. ಮುಗಿದ ಮೇಲೆ ಅದೇ ಎಲ್ಲಮ್ಮತ್ತೆ ಕೇಳಿದಳು: "ಹಂಗಾರ ಬಿಸಿಲು ಹೋದಮ್ಯಾಲೆ ಎಲಿ ಉಪಾಸ ಇರತಾವೇನು?" ಶರಣು, ಉತ್ತರ ಸರಿಯಾಗಿ ಗೊತ್ತಿಲ್ಲ, ಅಕ್ಕನನ್ನು ಕೇಳಿ ಸಂಜೆ ಹೇಳುತ್ತೇನೆ ಎಂದಳು. ಕೇಳುತ್ತೇನೆ ಎನ್ನುವುದು ನಮ್ಮ ವಂಶದಲ್ಲಿ ಅದೇ ಮೊದಲು.

ಅಂದು ನಾನು ಎರಡನೆಯ ಪಾಳಿ ಬಿಟ್ಟು ಗೇಟಿನ ಹೊರಗೆ ಕುಳಿತೆ. ಮಧ್ಯಾಹ್ನ ಇಬ್ಬರೂ ಓಡುತ್ತ ಬಂದರು. ಸೆಮಿನಾರು ಮುಗಿದಾಗ ಸರ್ ಎದ್ದು ಕೇಳಿದ ಪ್ರಶ್ನೆ ಯಾವುದು ಗೊತ್ತೇ? ರಾತ್ರಿ ಎಲೆ ಏನು ಮಾಡುತ್ತದೆ ಎಂದು. ನನ್ನ ತಂಗಿ, ಕ್ಲಾಸಿಗೆ ಮೊದಲು ನಸೀಮಾಳಿಂದ ತಿಳಿದುಕೊಂಡದ್ದನ್ನು, ಗಂಟಲು ಕಟ್ಟದೆ, ಕಣ್ಣು ಕೆಳಗಿಳಿಸದೆ ಇಂಗ್ಲಿಷಿನಲ್ಲೇ ಹೇಳಿದಳು: ಹಗಲು ಮಾಡಿಟ್ಟ ಬುತ್ತಿಯನ್ನು ರಾತ್ರಿ ಉಣ್ಣುತ್ತದೆ. ಕ್ಲಾಸೆಲ್ಲ ಚಪ್ಪಾಳೆ. ಸಂಜೆ ಮಸ್ಕಿ ಮುಟ್ಟುವ ತನಕ ನಾನು ಹಾರ್ನ್ ಹೊಡೆದೇ ಹೊಡೆದೆ, ಯಾರೂ ಬೇಡ ಅನ್ನಲಿಲ್ಲ. ದಾರಿಯಲ್ಲಿ ಹತ್ತಿದ ಎಲ್ಲಮ್ಮತ್ತೆ ಉತ್ತರ ಕೇಳಿ, "ನನ್ನ ಪ್ರಶ್ನೆ ನಿಮ್ಮ ಮಾಸ್ತರ ಕದ್ದಾನ" ಎಂದು ತೀರ್ಪು ಕೊಟ್ಟಳು.

ಅಲ್ಲಿಂದ ಮೊದಲ ಪಾಳಿಯ ಟಂಟಂ ಕಾಲೇಜಾಯಿತು. ಮಸ್ಕಿ ಕಡೆಯ ಹೊಸ ಹುಡುಗಿಯರೆಲ್ಲ ಪಾಠ ಒಪ್ಪಿಸುತ್ತ ಬರತೊಡಗಿದರು. ಶರಣು ಪಾಸಾದಳು. ವರ್ಷ ಮುಗಿಯುವಾಗ, ಮುಂದಿನ ವರ್ಷ ಹೊಸಬರ ಕೈಹಿಡಿಯುವವರ ಸಾಲಿನಲ್ಲಿ ಅವಳ ಹೆಸರನ್ನೂ ಕೂಗಿದರು. ಎರಡನೆಯ ವರ್ಷದವರನ್ನು ಆರಿಸುವುದು ಅಪರೂಪವಂತೆ. ಇಷ್ಟೆಲ್ಲ ಆದರೂ ನನ್ನ ಆ ಒಂದು ಶಬ್ದ ಒಳಗೇ ಉಳಿದಿತ್ತು. ನಸೀಮಾ ನನ್ನನ್ನು ಅಣ್ಣಾರ ಎಂದೇ ಕರೆಯುತ್ತಿದ್ದಳು, ಅವ್ವನ ರೊಟ್ಟಿ ತಿನ್ನುತ್ತಿದ್ದಳು, ಹಳೆಯದನ್ನು ಎತ್ತುತ್ತಿರಲಿಲ್ಲ. ಎತ್ತಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ಪರೀಕ್ಷೆ ಮುಗಿಸಿ ಅವಳು ಹಾಸ್ಟೆಲ್ ಬಿಡುವ ದಿನ ಟ್ರಂಕು, ಹಾಸಿಗೆ ಎಲ್ಲವನ್ನೂ ನಾನೇ ಸಿಂಧನೂರಿನ ಬಸ್‌ಸ್ಟ್ಯಾಂಡಿಗೆ ತಂದೆ. ಶರಣುವೂ ಜೊತೆಗಿದ್ದಳು. ಲಿಂಗಸುಗೂರಿನ ಬಸ್ಸು ಬಂತು, ಅಲ್ಲಿಂದ ಹಟ್ಟಿಗೆ ಹೋಗಬೇಕು. ಅವಳು ಕಿಟಕಿಯ ಹತ್ತಿರ ಕುಳಿತಳು, ಡ್ರೈವರ್ ಇಂಜಿನ್ ಚಾಲೂ ಮಾಡಿದ. ಈಗ ಅನ್ನದಿದ್ದರೆ ಇನ್ನೆಂದೂ ಇಲ್ಲ ಎನಿಸಿ ಆ ಶಬ್ದವನ್ನು ಮೆಲ್ಲಗೆ ಅಂದೆ. ನಸೀಮಾ ಕಿವಿಗೆ ಕೈ ಹಚ್ಚಿ, "ಕೇಳಿಸವಲ್ದು ಅಣ್ಣಾರ. ಆವತ್ತು ಗೇಟಿನಾಗ ಚಲೋ ಕೇಳಿಸ್ತಿತ್ತು" ಎಂದಳು. ಶರಣು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಬಸ್ಸು ಹಿಂದಕ್ಕೆ ಸರಿಯತೊಡಗಿತು. ಬೇರೆ ಯಾವ ದಾರಿಯೂ ಕಾಣದೆ ನಾನು ನಮ್ಮ ಸ್ಟ್ಯಾಂಡಿನ ಅದೇ ಗಂಟಲನ್ನು ತೆಗೆದೆ. ಬಾಳೆಹಣ್ಣಿನವನು, ಕಂಡಕ್ಟರು, ಕಟ್ಟೆಯ ಮೇಲೆ ಮಲಗಿದ್ದವನು, ಎಲ್ಲರೂ ನನ್ನ ಕಡೆ ತಿರುಗಿದರು. ತಪ್ಪೊಪ್ಪಿಕೊಳ್ಳುವುದರಲ್ಲೂ ಮೊದಲು ಕೂಗಿದವನೇ ಸರಿಯೋ ಏನೋ, ಆ ಕಾಯಿದೆ ಇನ್ನೂ ಯಾರೂ ಮಾಡಿಲ್ಲ.

"ತಪ್ಪಾತು ತಂಗೀ" ಎಂದು ಕೂಗಿದೆ. ಆಮೇಲೆ ಪಕ್ಕಕ್ಕೆ ತಿರುಗಿ ಕೂಗದೆ ಹೇಳಿದೆ, "ಶರಣೂ, ನಿನಗೂ ತಪ್ಪಾತವ್ವಾ. ನಾ ಮೊದಲು ನಿನ್ನ ಕೇಳಬೇಕಾಗಿತ್ತು."